ಸ್ಲೈಡಿನಲ್ಲಿ ಕಂಡದ್ದೆಲ್ಲ ಮೊಟ್ಟೆಯಲ್ಲ

ಬಸವನಗುಡಿ, ಬೆಂಗಳೂರು
ಭಾನುವಾರ ಬೆಳಿಗ್ಗೆ

ಚಿ. ಮೇಘನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಲ್ಯಾಬಿನ ಮಲಪರೀಕ್ಷೆಯ ಸ್ಲೈಡಿನಲ್ಲಿ ಕಂಡದ್ದು ಹೊಟ್ಟೆಹುಳದ ಮೊಟ್ಟೆಯೋ, ಹಾಗೆ ಕಾಣುವ ಬೇರೇನೋ, ಹೇಗೆ ಗುರುತಿಸುವುದು ಅಂತ ಕೇಳಿ ನೀನು ಕಳಿಸಿದ ನಾಲ್ಕೂ ಫೋಟೊ ನೋಡಿದೆ. ಮೊದಲನೆಯದು ಗಾಳಿಗುಳ್ಳೆ: ಅಂಚು ಇದ್ದಿಲಿನಷ್ಟು ಕಪ್ಪು, ಒಳಗೆ ಏನೂ ಇಲ್ಲ. ಮೂರನೆಯದು ಕೊಕ್ಕೆಹುಳದ ಓವಾ, ಅಂದರೆ ಮೊಟ್ಟೆ, ಇರಬಹುದು. ಉಳಿದೆರಡರ ಬಗ್ಗೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ನೀನು ಅಳತೆಯನ್ನೇ ಬರೆದಿಲ್ಲ. ಫೋಟೊದಲ್ಲಿ ಪರಾಗದ ಕಣವೂ ಮೊಟ್ಟೆಯಷ್ಟೇ ದಪ್ಪ ಕಾಣುತ್ತದೆ ಕಣೇ.

ಹಾಗಾಗಿ ಮೊದಲು ನಿನ್ನ ಮೈಕ್ರೊಸ್ಕೋಪಿನ ಐಪೀಸ್ (ಕಣ್ಣಿಡುವ ಮಸೂರ) ಸ್ಕೇಲನ್ನು ಸರಿಮಾಡಿಕೋ. ಐಪೀಸಿನೊಳಗಿನ ಗೆರೆಗಳಿಗೆ ಸ್ವಂತ ಬೆಲೆ ಇಲ್ಲ. ಸ್ಟೇಜ್ ಮೈಕ್ರೊಮೀಟರ್ ಅಂದರೆ ಅಳತೆಯ ಗೆರೆ ಕೊರೆದ ಗಾಜಿನ ಸ್ಲೈಡ್; ಅದರ ಒಂದು ಮನೆ 10 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದನ್ನು ಕೆಳಗಿಟ್ಟು ಎರಡರ ಸೊನ್ನೆ ಗೆರೆ ಸೇರಿಸಿ, ಆ ಕಡೆ ಎಲ್ಲಿ ಮತ್ತೆ ಗೆರೆಗೆ ಗೆರೆ ಕೂರುತ್ತದೆ ನೋಡು. 40ಎಕ್ಸ್ ಮಸೂರದಲ್ಲಿ ಐಪೀಸಿನ 100 ಮನೆ ಸ್ಟೇಜಿನ 25 ಮನೆಗೆ ಕೂತರೆ, 250 ಮೈಕ್ರಾನಿಗೆ 100 ಮನೆ, ಅಂದರೆ ಮನೆಗೆ ಎರಡೂವರೆ ಮೈಕ್ರಾನ್. 65 ಮೈಕ್ರಾನಿನ ಮೊಟ್ಟೆ ಆಗ 26 ಮನೆ ತುಂಬುತ್ತದೆ. 10ಎಕ್ಸ್‌ಗೆ ಬೇರೆ ಲೆಕ್ಕ, ಪಕ್ಕದ ಮೇಜಿನ ಮೈಕ್ರೊಸ್ಕೋಪಿಗೂ ಬೇರೆ ಲೆಕ್ಕ. ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ನಿನ್ನ ಮೈಕ್ರೊಸ್ಕೋಪಿನ ಕುತ್ತಿಗೆಗೇ ಅಂಟಿಸಿಬಿಡು.

ಸ್ಲೈಡ್ ಮಾಡುವಾಗ ಸ್ಟೂಲ್ (ಮಲ) ಬೆಂಕಿಕಡ್ಡಿ ತುದಿಯಷ್ಟು ಸಾಕು, ಸುಮಾರು 2 ಮಿಲಿಗ್ರಾಂ. ಎಡಗಡೆ ಒಂದು ಹನಿ ಸಲೈನ್ (ಉಪ್ಪುನೀರು), ಬಲಗಡೆ ಒಂದು ಹನಿ ಅಯೋಡಿನ್. ಸ್ಲೈಡನ್ನು ದಿನಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಲು ಬರಬೇಕು. ಬರದಿದ್ದರೆ ದಪ್ಪವಾಯಿತು, ಹೊಸದು ಮಾಡು. ಸಲೈನಿಗೆ ನಲ್ಲಿ ನೀರಾಗಲಿ ಟ್ಯಾಂಕರ್ ನೀರಾಗಲಿ ಮುಟ್ಟಬೇಡ. ಸಂಪಿನಲ್ಲಿ, ಓವರ್‌ಹೆಡ್ ಟ್ಯಾಂಕಿನಲ್ಲಿ ತಾವೇ ಬದುಕಿಕೊಂಡಿರುವ ಸಣ್ಣ ಹುಳಗಳು, ಪಾಚಿ, ಡಯಾಟಮ್ ಎಲ್ಲ ಸ್ಲೈಡಿಗೆ ಇಳಿದು ರೋಗಿಯ ಲೆಕ್ಕಕ್ಕೆ ಸೇರಿಬಿಡುತ್ತವೆ. 1 ಲೀಟರ್ ಡಿಸ್ಟಿಲ್ಡ್ ವಾಟರಿಗೆ ಎಂಟೂವರೆ ಗ್ರಾಂ ಉಪ್ಪು, ಅಷ್ಟೆ. ಅನುಮಾನ ಬಂದ ದಿನ ಬರೀ ಸಲೈನಿನದೇ ಒಂದು ಸ್ಲೈಡ್ ಹಾಕಿ ನೋಡು.

ಬೆಳಕಿನ ವಿಷಯದಲ್ಲೇ ಹೊಸಬರು ಎಡವುವುದು. ಕೊಕ್ಕೆಹುಳದ ಮೊಟ್ಟೆಗೆ ಬಣ್ಣವೇ ಇಲ್ಲ. ಬೆಳಕು ಜಾಸ್ತಿಯಾದರೆ ಗಾಜಿನ ಮೇಲಿನ ನೀರಿನ ಹಾಗೆ ಮಾಯ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಸ್ವಲ್ಪ ಇಳಿಸು, ಬೆಳಕಿನ ಕಿಂಡಿಯಾದ ಐರಿಸ್ ಕಿರಿದು ಮಾಡು. ಹನಿಯ ಮೇಲೆ ಮುಚ್ಚುವ ತೆಳ್ಳನೆ ಗಾಜಿನ, ಅಂದರೆ ಕವರ್‌ಸ್ಲಿಪ್ಪಿನ, ಒಂದು ಮೂಲೆಯಿಂದ ಶುರುಮಾಡಿ, ಹೊಲ ಉತ್ತ ಹಾಗೆ ಸಾಲು ಸಾಲಾಗಿ ಪೂರ್ತಿ 10ಎಕ್ಸ್‌ನಲ್ಲಿ ಓಡಿಸು. ಏನಾದರೂ ಸಿಕ್ಕಾಗ ಮಾತ್ರ 40ಎಕ್ಸ್.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೊಕ್ಕೆಹುಳದ ಮೊಟ್ಟೆ 60ರಿಂದ 75 ಮೈಕ್ರಾನ್ ಉದ್ದ, 35ರಿಂದ 40 ಅಗಲ. ಎರಡೂ ತುದಿ ಗುಂಡಗೆ, ಗೋಡೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಒಳಗೆ 4ರಿಂದ 8 ಕೋಶಗಳ ಗೊಂಚಲು. ಆ ಗೊಂಚಲಿಗೂ ಗೋಡೆಗೂ ನಡುವೆ ಸುತ್ತಲೂ ಖಾಲಿ ಜಾಗ ಇರಲೇಬೇಕು. ಇದಕ್ಕೆ ಅವಳಿಯಂತೆ ಕಾಣುವುದು ಗಿಡದ ಬೇರಿಗೆ ಹತ್ತುವ ಬೇರುಗಂಟು ಜಂತುಹುಳದ ಮೊಟ್ಟೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಇದು ಬೆಳೆಯ ರೋಗ, ಮನುಷ್ಯನದ್ದಲ್ಲ. ಕೋಸಂಬರಿಗೆ ಹಸಿ ಕ್ಯಾರೆಟ್, ಮೂಲಂಗಿ ತುರಿದು ತಿಂದವರ ಹೊಟ್ಟೆಯಲ್ಲಿ ಹೊಕ್ಕು, ಏನೂ ಮಾಡದೆ, ಹಾಗೇ ಹೊರಗೆ ಬರುತ್ತದೆ. ಅದರ ಒಳಗೂ ಕೋಶಗಳಿರುತ್ತವೆ, ಒಮ್ಮೊಮ್ಮೆ ಮರಿಯೂ ಇರುತ್ತದೆ. ಹಾಗಾಗಿ ಒಳಗಡೆ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀಯ. ಅಳತೆ ಹಾಕು: ಇದು 80 ದಾಟಿ 120ರವರೆಗೂ ಹೋಗುತ್ತದೆ, ಅಗಲ ಮಾತ್ರ ಹೆಚ್ಚೆಂದರೆ 43. ಅಂದರೆ ಉದ್ದಕ್ಕೆ ಎಳೆದ ಹಾಗೆ, ಒಂದು ಪಕ್ಕ ಚಪ್ಪಟೆ ಅಥವಾ ಒಳಕ್ಕೆ ಬಾಗಿದ್ದು, ತುದಿಗಳಲ್ಲಿ ನೀಲಿ-ಹಸಿರು ಹೊಳೆಯುವ ಗುಳ್ಳೆಗಳು. ಹಾಗೆ ಕಂಡರೆ ರೋಗಿಗೆ ಮೂರು ನಾಲ್ಕು ದಿನ ಹಸಿ ಗೆಡ್ಡೆ ತರಕಾರಿ ಬಿಡಲು ಹೇಳಿ ಮತ್ತೆ ಸ್ಯಾಂಪಲ್ ತರಿಸು. ಕೊಕ್ಕೆಹುಳ ಮೂರು ದಿನದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಹಿಟ್ಟಿನ ನುಸಿಯ ಮೊಟ್ಟೆಯೂ ಇದೇ ಆಕಾರ, ಆದರೆ 100 ಮೈಕ್ರಾನ್ ದಾಟುತ್ತದೆ. ಅಲ್ಲೂ ಅಳತೆಯೇ ಕಾಪಾಡುವುದು.

ದುಂಡುಹುಳದ ಮೊಟ್ಟೆ ಸುಲಭ ಅಂದುಕೊಂಡಿದ್ದೀಯ, ಅರ್ಧ ಮಾತ್ರ ನಿಜ. ಫಲಿತ ಮೊಟ್ಟೆ 45ರಿಂದ 75 ಮೈಕ್ರಾನ್, ಪಿತ್ತದ ಬಣ್ಣ ಹಿಡಿದು ಕಂದು ಹಳದಿ, ಹೊರಮೈ ಹಾಗಲಕಾಯಿ ಹಾಗೆ ಉಬ್ಬುಬ್ಬು. ಅದನ್ನು ಯಾರಾದರೂ ಹಿಡಿಯುತ್ತಾರೆ. ತೊಂದರೆ ಕೊಡುವುದು ಫಲಿಸದ್ದು: 90 ಮೈಕ್ರಾನ್‌ವರೆಗೂ ಉದ್ದ, ತೆಳ್ಳನೆ ಗೋಡೆ, ಒಳಗೆ ಅಡ್ಡಾದಿಡ್ಡಿ ಹೊಳೆಯುವ ಕಾಳುಗಳು. ಇದನ್ನು ಬೇಳೆ ಸಿಪ್ಪೆಯ ಚೂರು ಅಂತ ಬಿಟ್ಟವರೂ ಇದ್ದಾರೆ, ಬೇಳೆ ಸಿಪ್ಪೆಯನ್ನೇ ಇದು ಅಂತ ಬರೆದವರೂ ಇದ್ದಾರೆ. ಉಪ್ಪಿನ ದ್ರಾವಣದಲ್ಲಿ ತೇಲಿಸುವ ವಿಧಾನ ನಂಬಿ ಕೂತರೆ ಇದು ತೇಲುವುದೇ ಇಲ್ಲ, ಲಾಡಿಹುಳದ್ದೂ ತೇಲದು. ಫಾರ್ಮಾಲ್-ಈಥರ್ ವಿಧಾನದಲ್ಲಿ, ಅಂದರೆ ಸ್ಯಾಂಪಲನ್ನು ಆ ಎರಡು ರಾಸಾಯನಿಕಗಳ ಜೊತೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ಕೂತ ಗಸಿ ನೋಡಬೇಕು. ಉಬ್ಬು ಪದರ ಕಳಚಿಹೋದ ಮೊಟ್ಟೆ ಕೊಕ್ಕೆಹುಳದ್ದರ ಹಾಗೆ ನುಣ್ಣಗೆ ಕಾಣುತ್ತದೆ. ಅಲ್ಲಿ ಗೋಡೆ ನೋಡು, ಇದರದ್ದು ದಪ್ಪ.

ಲಾಡಿಹುಳದಲ್ಲಿ ತಪ್ಪಿದರೆ ಮಾತ್ರ ಬೆಲೆ ದೊಡ್ಡದು. ಹಂದಿಯ ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋದರೆ ಮರಿ ಮೆದುಳಿಗೆ ಹೋಗಿ ಕೂರಬಹುದು. ಫಿಟ್ಸ್ ಬಂದು ನಿಮ್ಹಾನ್ಸ್‌ಗೆ ಹೋಗುವವರಲ್ಲಿ ಅಂಥವರೂ ಇರುತ್ತಾರೆ. ಮೊಟ್ಟೆ ಗುಂಡಗೆ, 31ರಿಂದ 43 ಮೈಕ್ರಾನ್, ಕಂದು ಬಣ್ಣದ ದಪ್ಪ ಗೋಡೆ, ಆ ಗೋಡೆಯಲ್ಲಿ ಗಾಡಿ ಚಕ್ರದ ಅರೆಗಳ ಹಾಗೆ ಗೆರೆಗಳು. ಈಗ ಸೀಬೆಹಣ್ಣು ತಿಂದವರ ಸ್ಲೈಡ್ ನೋಡು. ಸೀಬೆಯ ತಿರುಳಿನಲ್ಲಿ ಹಲ್ಲಿಗೆ ಮರಳು ಮರಳಾಗಿ ಸಿಗುತ್ತದಲ್ಲ, ಅವು ಕಲ್ಲುಕೋಶಗಳು. ಜೀರ್ಣವಾಗದೆ ಇಡಿಯಾಗಿ ಹೊರಬರುತ್ತವೆ. ಅವಕ್ಕೂ ದಪ್ಪ ಗೋಡೆ, ಗೋಡೆಯಲ್ಲಿ ನಡುವಿನಿಂದ ಹೊರಕ್ಕೆ ಹೋಗುವ ಸಣ್ಣ ನಾಲೆಗಳು. ಮೇಲ್ನೋಟಕ್ಕೆ ಅರೆಗಳೇ! ಆದರೆ ಆ ನಾಲೆಗಳು ಅಲ್ಲಲ್ಲಿ ಮಾತ್ರ, ಕೆಲವು ಕವಲೊಡೆದಿರುತ್ತವೆ. ಕೋಶ ಕೋನ ಕೋನವಾಗಿರುತ್ತದೆ, ಅಕ್ಕಪಕ್ಕ ಗುಂಪಾಗಿ ಅಂಟಿಕೊಂಡಿರುತ್ತವೆ, ಒಂದರ ಅಳತೆ ಇನ್ನೊಂದಕ್ಕಿಲ್ಲ. ಮೊಟ್ಟೆಯಲ್ಲಿ ಅರೆಗಳು ಒತ್ತೊತ್ತಾಗಿ ಸುತ್ತಲೂ ಒಂದೇ ಸಮ. ಕೊನೆಯ ಸಾಕ್ಷಿ ಒಳಗಿನ ಆರು ಕೊಕ್ಕೆಗಳು. ಫೋಕಸ್ ಸೂಕ್ಷ್ಮವಾಗಿ ಹೊಂದಿಸುವ ಫೈನ್ ಅಡ್ಜಸ್ಟ್‌ಮೆಂಟ್ ತಿರುಗಣಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗು, ಆರೂ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ. ಕೊಕ್ಕೆ ಕಂಡರೆ ಅನುಮಾನ ಮುಗಿಯಿತು. ಹಂದಿಯದ್ದೋ ದನದ್ದೋ ಅಂತ ಮಾತ್ರ ಮೊಟ್ಟೆ ನೋಡಿ ಬರೆಯಬೇಡ, ಎರಡೂ ಒಂದೇ ರೀತಿ ಇರುತ್ತವೆ.

ಪರಾಗ ನಮ್ಮೂರಿನಲ್ಲಿ ತಪ್ಪಿದ್ದಲ್ಲ. ಖಾಲಿ ಸೈಟಿನಲ್ಲೆಲ್ಲ ಪಾರ್ಥೇನಿಯಂ. ಕಿಟಕಿ ತೆರೆದಿಟ್ಟು ಸ್ಲೈಡ್ ಒಣಗಲು ಬಿಟ್ಟರೆ ಅದರ ಪರಾಗ ಬಂದು ಕೂರುತ್ತದೆ. ಅದು 15ರಿಂದ 20 ಮೈಕ್ರಾನ್ ಮಾತ್ರ, ಮೈಯೆಲ್ಲ ಮುಳ್ಳು. ಅಳೆದವರಿಗೆ ಇದು ಮೊಟ್ಟೆ ಅನ್ನಿಸುವುದೇ ಇಲ್ಲ. ಬೇರೆ ಪರಾಗಗಳಲ್ಲಿ ರಂಧ್ರವೋ ಸೀಳೋ ಹುಡುಕು. ಮೊಟ್ಟೆಯ ಗೋಡೆಯಲ್ಲಿ ಅಂಥ ಕಿಂಡಿಗಳಿರುವುದಿಲ್ಲ. ಚಾಟಿಹುಳದ ಮೊಟ್ಟೆಯ ಎರಡು ತುದಿಯ ಬಿರಡೆ ಬೇರೆ ಮಾತು, ಅದು ಉಬ್ಬಿರುತ್ತದೆ, ಪಾರದರ್ಶಕ.

ಆಲೂಗಡ್ಡೆ ಪಿಷ್ಟದ ಕಣ ಕಪ್ಪೆಚಿಪ್ಪಿನ ಹಾಗೆ ಪದರ ಪದರ, ಅಯೋಡಿನ್ ಕಡೆ ಕಪ್ಪು ನೀಲಿ. ಅರ್ಧ ಜೀರ್ಣವಾಗಿದ್ದರೆ ಕೆಂಪು ನೇರಳೆ. ಎಣ್ಣೆ ಹನಿಯಾದರೆ ಕವರ್‌ಸ್ಲಿಪ್ಪನ್ನು ಕಡ್ಡಿ ತುದಿಯಿಂದ ಮೆಲ್ಲಗೆ ತಟ್ಟು, ಒಂದಕ್ಕೊಂದು ಸೇರಿ ದೊಡ್ಡದಾಗುತ್ತದೆ. ಮೊಟ್ಟೆ ಸೇರುವುದಿಲ್ಲ, ಇಡಿಯಾಗಿ ಉರುಳುತ್ತದೆ. ಈ ತಟ್ಟುವ ಅಭ್ಯಾಸ ಮಾಡಿಕೋ. ಉರುಳಿದಾಗ ಚಪ್ಪಟೆ ಪಕ್ಕ, ತುದಿ, ಗೋಡೆ ಎಲ್ಲ ತಾನಾಗಿ ಕಾಣುತ್ತದೆ.

ಗಿಡದ ರೋಮವನ್ನು ಮರಿಹುಳ ಅಂತ ಬರೆಯುವ ತಪ್ಪೂ ಇದೆ. ರೋಮಕ್ಕೆ ಒಂದು ತುದಿ ಮುರಿದಿರುತ್ತದೆ, ನಡುವೆ ಖಾಲಿ ಕೊಳವೆ, ಗಂಟಲಿಲ್ಲ ಕರುಳಿಲ್ಲ. ನಿಜವಾದ ಮರಿ ಸಿಕ್ಕರೆ ಮೊದಲು ಸ್ಯಾಂಪಲ್ ಎಷ್ಟು ಹೊತ್ತಿನದು ಕೇಳು. ಡಬ್ಬಿ ಒಂದು ದಿನ ಹೊರಗಿದ್ದರೆ ಕೊಕ್ಕೆಹುಳದ ಮೊಟ್ಟೆಯೇ ಒಡೆದು ಮರಿಯಾಗಿರಬಹುದು. ಕೊಕ್ಕೆಹುಳದ ಮರಿಗೆ ಬಾಯಿನಾಳ ಉದ್ದ, ಸ್ಟ್ರಾಂಜಿಲಾಯ್ಡಿಸ್ ಅನ್ನುವ ಇನ್ನೊಂದು ಕರುಳಿನ ಹುಳದ ಮರಿಗೆ ತುಂಡು.

ಶಾಲೆಯ ಮಕ್ಕಳು ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಹುಳದ ಮಾತ್ರೆ ಆಲ್ಬೆಂಡಜೋಲ್ ನುಂಗಿರುತ್ತಾರೆ. ಅವರಲ್ಲಿ ಹುಳ ಉಳಿದಿದ್ದರೂ ಮೊಟ್ಟೆ ಕಡಿಮೆ. ನೀನು ಕಾಣುವ ವಿಚಿತ್ರಗಳಲ್ಲಿ ಹೆಚ್ಚಿನವು ಊಟದ್ದೇ. ಒಂದೇ ಒಂದು ಕಂಡು, ಅದರ ಜೊತೆಗಾರ ಇಡೀ ಸ್ಲೈಡಿನಲ್ಲಿ ಇಲ್ಲವಾದರೆ, ಹೆಸರು ಕೊಡುವ ಮುಂಚೆ ಗಸಿ ಮಾಡಿ ನೋಡು, ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೇಳು. ಸಂಜೆ ಆರಕ್ಕೆ ರಿಪೋರ್ಟ್ ಬೇಕು ಅಂತ ಕೌಂಟರಿನವರು ಅವಸರ ಮಾಡಿದರೆ ಮಾಡಲಿ. "ಈ ಸ್ಯಾಂಪಲಿನಲ್ಲಿ ಓವಾ ಕಂಡಿಲ್ಲ, ಮರುಪರೀಕ್ಷೆ ಬೇಕು" ಅಂತ ಬರೆದರೆ ಯಾರೂ ತಲೆ ತೆಗೆಯುವುದಿಲ್ಲ.

ಆ ಎರಡನೆಯ, ನಾಲ್ಕನೆಯ ಫೋಟೊದ ಸ್ಯಾಂಪಲ್ ಫಾರ್ಮಲಿನ್‌ನಲ್ಲಿ ಇನ್ನೂ ಇದ್ದರೆ ಹೊಸ ಸ್ಲೈಡ್ ಹಾಕಿ, ಕವರ್‌ಸ್ಲಿಪ್ಪಿನ ಅಂಚಿಗೆ ವ್ಯಾಸಲಿನ್ ಹಚ್ಚಿ ಒಣಗದ ಹಾಗೆ ಮಾಡು. ಉದ್ದ, ಅಗಲ, ಗೋಡೆ ದಪ್ಪವೋ ತೆಳ್ಳಗೋ, ತಟ್ಟಿದಾಗ ಉರುಳಿತೋ ಇಲ್ಲವೋ, ಇಷ್ಟು ಬರೆದು ಕಳಿಸು. ರೋಗಿ ಹಿಂದಿನ ದಿನ ಏನು ತಿಂದಿದ್ದರು ಅಂತಲೂ ಕೇಳಿ ಬರೆ. ನಾಲ್ಕನೆಯದು ನನಗೆ ಸೀಬೆಯ ಹಾಗೇ ಕಾಣುತ್ತಿದೆ.

ಇಂತಿ,
ನಿನ್ನ ದೊಡ್ಡಮ್ಮ