ತುಮಕೂರು ರೈಲಿನಲ್ಲಿ ಸಿಕ್ಕ ಮೇಡಂಗೆ

ತುಮಕೂರಿನಿಂದ ಬೆಂಗಳೂರಿಗೆ ಹೊರಟ ರೈಲಿನಲ್ಲಿ ನನ್ನ ತಂಗಿ ಮಗಳಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಹೇಳಿಕೊಟ್ಟ ಮೇಡಂ, ನಿಮಗೆ ತುಂಬಾ ಥ್ಯಾಂಕ್ಸ್.

ಅದು ಅವಳ ಚಿಕ್ಕಪ್ಪ ಅಮೆರಿಕದಿಂದ ಕಳಿಸಿದ, ಗ್ರಾಫ್ ಬಿಡಿಸಿ ತೋರಿಸುವ ಟಿಐ-84 ಅನ್ನೋ ಕ್ಯಾಲ್ಕುಲೇಟರ್. ಯಾರನ್ನಾದರೂ ಕೇಳೋಣ ಅಂದ್ರೆ ನಮ್ಮ ಕಡೆ ಅದು ಇರುವವರೇ ಕಡಿಮೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು: ಮೈನಸ್ 3ರ ವರ್ಗ ಒತ್ತಿದರೆ -9 ಯಾಕೆ ಬರುತ್ತೆ?

ನೀವು ಸುಮ್ನೆ ಉತ್ತರ ಹೇಳಿಬಿಡಲಿಲ್ಲ. -3 ಅನ್ನು ಆವರಣದೊಳಗೆ ಹಾಕಿಸಿ ಮತ್ತೆ ಒತ್ತಿಸಿದಿರಿ. 9 ಬಂತು. ಆವರಣ ಇಲ್ಲದಿದ್ದರೆ ಮೊದಲು ವರ್ಗ, ಆಮೇಲೆ ಮೈನಸ್ ಅಂತ ಅವಳೇ ಕಂಡುಕೊಂಡಳು. ಕಲಿಸುವುದು ಅಂದ್ರೆ ಇದೇ ಅಲ್ವಾ? ಕಳೆಯುವ ಕೀ ಬೇರೆ, ಋಣ ಸಂಖ್ಯೆಯ ಕೀ ಬೇರೆ ಅಂತಲೂ ತೋರಿಸಿದಿರಿ.

ಸೈನ್ ಗ್ರಾಫ್ ಅಡ್ಡ ಗೆರೆಯ ಮೇಲೆ ಚಪ್ಪಟೆಯಾಗಿ ಮಲಗಿತ್ತು. ಮೋಡ್ ಅನ್ನೋ ಸೆಟ್ಟಿಂಗ್‌ಗೆ ಹೋಗಿ, ಕೋನದ ಅಳತೆ ಡಿಗ್ರಿಯಲ್ಲಿದ್ದದ್ದನ್ನು ತೆಗೆಸಿ, ಇನ್ನೊಂದು ಅಳತೆಯಾದ ರೇಡಿಯನ್ ಹಾಕಿಸಿದಿರಿ. ಪರದೆ ತುಂಬಾ ಅಲೆಗಳು! ಆಗ ಅವಳ ಮುಖ ನೋಡಬೇಕಿತ್ತು.

ಯಶವಂತಪುರದಲ್ಲಿ ನೀವು ಇಳಿದಿರಿ, ಹೆಸರು ಕೇಳುವಷ್ಟು ಸಮಯವೂ ಸಿಗಲಿಲ್ಲ. ಅವಳೀಗ ಗೊತ್ತಿಲ್ಲದ ಲೆಕ್ಕಕ್ಕೆ ಹೆದರುವುದಿಲ್ಲ, ಆವರಣ ಹಾಕಿ, ತೆಗೆದು ನೋಡುತ್ತಾಳೆ. ಮತ್ತೆ ಆ ದಾರಿಯಲ್ಲಿ ಸಿಕ್ಕರೆ ದಯವಿಟ್ಟು ಮಾತಾಡಿಸಿ ಮೇಡಂ.