ರೂಮ್ ಬುಕ್ ಮಾಡುವ ಮೊದಲು ದರ ನೋಡಿ

ಎಲ್ಲರಿಗೂ ನಮಸ್ಕಾರ. ಪ್ರವಾಸಕ್ಕೆ ಆನ್‌ಲೈನ್‌ನಲ್ಲಿ ಹೋಟೆಲ್ ರೂಮ್ ಬುಕ್ ಮಾಡುವವರು ದಯವಿಟ್ಟು ಇದನ್ನು ಓದಿ. ಒಂದೇ ರೂಮಿಗೆ ಮೂರ್ನಾಲ್ಕು ದರ ಕಾಣಿಸುತ್ತವೆ, ಅಲ್ವಾ? ರೂಮ್ ಅದೇ, ಷರತ್ತು ಬೇರೆ.

ಎಲ್ಲಕ್ಕಿಂತ ಕಡಿಮೆ ದರ ಹೆಚ್ಚಾಗಿ ‘ನಾನ್ ರಿಫಂಡಬಲ್’ ಆಗಿರುತ್ತದೆ. ಹೋಗಲು ಆಗದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ‘ಫ್ರೀ ಕ್ಯಾನ್ಸಲೇಶನ್’ (ಉಚಿತವಾಗಿ ರದ್ದು ಮಾಡಬಹುದಾದ) ದರವನ್ನೇ ತೆಗೆದುಕೊಳ್ಳಿ. ಅದಕ್ಕೂ ಗಡುವು ಇರುತ್ತದೆ. ಚೆಕ್ ಇನ್‌ಗೆ 24 ಅಥವಾ 48 ಗಂಟೆ ಮೊದಲು ಎಂದಿರಬಹುದು. ಬೇರೆ ದೇಶವಾದರೆ ಸಾಮಾನ್ಯವಾಗಿ ಅಲ್ಲಿನ ಸಮಯವೇ ಲೆಕ್ಕ.

‘ಪೇ ಅಟ್ ಹೋಟೆಲ್’ (ದುಡ್ಡು ಹೋಟೆಲಿನಲ್ಲೇ ಕೊಡಿ) ಎಂದಿದ್ದರೆ ರದ್ದು ಮಾಡುವುದೂ ಉಚಿತ ಅಂದುಕೊಳ್ಳಬೇಡಿ. ರದ್ದು ಮಾಡಿದರೆ ನಿಮ್ಮ ಕಾರ್ಡಿನಿಂದ ದುಡ್ಡು ಹಿಡಿಯುವ ಷರತ್ತು ಇರಬಹುದು.

‘ರೂಮ್ ಓನ್ಲಿ’ ದರದಲ್ಲಿ ತಿಂಡಿ ಸೇರಿಲ್ಲ. ಹೋಲಿಸುವಾಗ ತೆರಿಗೆ ಸೇರಿದ ಒಟ್ಟು ಮೊತ್ತವನ್ನೇ ನೋಡಿ.