ಮಾತ್ರೆ ಗೊತ್ತು, ಪರೀಕ್ಷೆ ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಕಾಲೇಜುಗಳ ಹತ್ತಿರ ನನ್ನ ಮೆಡಿಕಲ್ ಶಾಪ್ ಇದೆ. ವಾರಾಂತ್ಯ ಮುಗಿಯುತ್ತಿದ್ದಂತೆ ತುರ್ತು ಗರ್ಭನಿರೋಧಕ ಮಾತ್ರೆಗೆ ಹುಡುಗರು ಬರುತ್ತಾರೆ. ಹುಡುಗಿ ದೂರದಲ್ಲಿ ಸ್ಕೂಟಿ ಮೇಲೆ ಕೂತಿರುತ್ತಾಳೆ, ಇವನು ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ಕಾದು, ಬಾಯಿ ಬಿಡದೆ ಮೊಬೈಲ್‌ನಲ್ಲಿ ಮಾತ್ರೆಯ ಫೋಟೊ ತೋರಿಸುತ್ತಾನೆ. 72 ಗಂಟೆಯೊಳಗೆ ನುಂಗಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಆ ಮಾತ್ರೆ ಎಚ್‌ಐವಿ, ಸಿಫಿಲಿಸ್, ಗೊನೊರಿಯಾ ಯಾವುದನ್ನೂ ತಡೆಯುವುದಿಲ್ಲ ಎಂದರೆ ಗಾಬರಿಯಾಗುತ್ತಾರೆ. ಗರ್ಭದ ಭಯ ಇದೆ, ಸೋಂಕಿನ ಯೋಚನೆಯೇ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮ್ ಹರಿಯುತ್ತದೆ ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇವರಿಗೆ ಹೇಳಬೇಕಾದವರು ಯಾರು? 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬಂದಾಗ ನಮ್ಮ ರಾಜ್ಯ ಬೇಡ ಎಂದಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮೊಬೈಲ್ ಹುಡುಕಲು ಬ್ಯಾಗ್ ತೆರೆದರೆ ಕಾಂಡೋಮ್, ಮಾತ್ರೆ ಸಿಕ್ಕವು, ಊರೆಲ್ಲ ಗದ್ದಲವಾಯಿತು. 18 ತುಂಬದವರಿಗೆ ಇವನ್ನು ಮಾರುವಂತಿಲ್ಲ ಎಂಬ ಸುದ್ದಿಯೂ ಹಬ್ಬಿತು. ಆಮೇಲೆ ಔಷಧ ನಿಯಂತ್ರಣ ಇಲಾಖೆಯವರು ನಿಷೇಧ ಏನಿಲ್ಲ, ಅಂಗಡಿಯವರು ತಿಳಿ ಹೇಳಬೇಕು ಎಂದರು. ಹೇಳುತ್ತೇನೆ. ಆದರೆ ಪಕ್ಕದಲ್ಲೇ ಬಿಪಿ ಮಾತ್ರೆಗೆ ಅಜ್ಜ ಚೀಟಿ ಹಿಡಿದು ನಿಂತಿರುವಾಗ ಎಷ್ಟು ಹೇಳಲಿಕ್ಕಾಗುತ್ತದೆ?

ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಲಹೆ, ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತಸಲಹೆ ಎರಡೂ ಉಚಿತ. 18 ತುಂಬಿದ್ದರೆ ಮನೆಯವರ ಒಪ್ಪಿಗೆ ಬೇಕಿಲ್ಲ. ಫಲಿತಾಂಶ ಗುಟ್ಟಾಗಿ ಇಡಬೇಕು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಎಚ್‌ಐವಿ ತಗುಲಿರಬಹುದು ಅನ್ನಿಸಿದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ಅವರು ಕೊಡುವ 28 ದಿನಗಳ ಮಾತ್ರೆಯಿಂದ ಎಚ್‌ಐವಿ ತಡೆಯಬಹುದು. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ 3 ತಿಂಗಳಿಗೆ ಇನ್ನೊಮ್ಮೆ ಮಾಡಿಸಬೇಕು. ಗೊನೊರಿಯಾದಂಥ ಸೋಂಕು, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಸುಮ್ನೆ ಬಿಟ್ಟರೆ ಮುಂದೆ ಮಕ್ಕಳಾಗಲು ತೊಂದರೆ. ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ನನ್ನ ಅಂಗಡಿಗೆ ಬರುವವರಲ್ಲಿ ಅದರ ಹೆಸರು ಕೇಳಿದವರನ್ನು ನಾನು ಕಂಡಿಲ್ಲ. ಅವರು ಓದಿರುವುದು ಬಸ್ ಸ್ಟ್ಯಾಂಡ್ ಗೋಡೆಯ ಗುಪ್ತರೋಗ ಚೀಟಿಗಳನ್ನು ಮಾತ್ರ. ಮೈ ಕೆಟ್ಟ ಮೇಲೂ ಅಲ್ಲಿಗೇ ಹೋಗಿ ದುಡ್ಡು ಸುರಿಯುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಇನ್ನೊಂದು ತೊಂದರೆ ಸಮಯದ್ದು. ಇಂಥ ಕೇಂದ್ರಗಳು ಹೆಚ್ಚಾಗಿ ಕಾಲೇಜು ನಡೆಯುವ ಹೊತ್ತಲ್ಲೇ ತೆರೆದಿರುತ್ತವೆ. ವಾರದಲ್ಲಿ ಒಂದು ದಿನವಾದರೂ ಸಂಜೆ 7ರವರೆಗೆ ತೆರೆದಿಡಲಿ. ಒಳಗೆ ಬಂದ ಹುಡುಗಿಯನ್ನು ಮೊದಲಿಗೇ 'ಮದುವೆ ಆಗಿದೆಯಾ' ಎಂದು ಕೇಳಬೇಡಿ, ಆ ಒಂದು ಪ್ರಶ್ನೆಗೇ ಆಕೆ ವಾಪಸ್ ಹೋಗುತ್ತಾಳೆ.

ನಿಮ್ಮಲ್ಲೂ ಒಂದು ಕೋರಿಕೆ. ಜಿಲ್ಲಾ ಪುಟದಲ್ಲಿ ದಿನಾ ಚಿನ್ನದ ದರ ಹಾಕುತ್ತೀರಿ. ವಾರಕ್ಕೊಮ್ಮೆ ಐಸಿಟಿಸಿ, ಸ್ನೇಹ ಕ್ಲಿನಿಕ್ ಎಲ್ಲಿವೆ, ಎಷ್ಟು ಹೊತ್ತಿಗೆ ತೆರೆಯುತ್ತವೆ ಅನ್ನುವುದನ್ನೂ, ಉಚಿತ ಸಹಾಯವಾಣಿ 1097ನ್ನೂ ಅಲ್ಲೇ ಹಾಕಿ. ಕತ್ತರಿಸಿ ಕೌಂಟರ್ ಮೇಲೆ ಅಂಟಿಸುವ ಕೆಲಸ ನನ್ನದು.

— ಒಬ್ಬ ಔಷಧ ವ್ಯಾಪಾರಿ, ದಾವಣಗೆರೆ